ಅಂಚಿನ ಕೋಲು, ನಡುವಿನ ತೊಟ್ಟಿಲು

ನನ್ನ ಹಳೆಯ ದಿನಚರಿಯಲ್ಲಿ ೧೯೬೧ನೇ ಇಸವಿ ಅಕ್ಟೋಬರ್ ೧೯, ಗುರುವಾರ ಎಂದಿರುವ ಪುಟದಲ್ಲಿ ಹೀಗಿದೆ: "ಇಂದು ಸೂಕ್ಷ್ಮದರ್ಶಕದಲ್ಲಿ ಕೆರೆಯ ನೀರಿನ ಒಂದು ಹನಿ. ಹಸಿರು ಉಂಡೆಯೊಂದು ತಾನಾಗಿ ಉರುಳುತ್ತಿತ್ತು. ಸರಿಯಾಗಿ ನೋಡಿದರೆ ಅದು ಒಂದು ಉಂಡೆಯಲ್ಲ, ಪಕ್ಕಪಕ್ಕದಲ್ಲಿ ಕೂತ ನೂರಾರು ಜೀವಗಳು. ಅಂಚಿನವು ಈಜುತ್ತಿದ್ದವು. ನಡುವೆ ಮರಿ ಉಂಡೆಗಳಿದ್ದವು. ಇದು ಒಂದು ಜೀವವೋ, ಒಂದು ಊರೋ ಎಂದು ಮೇಡಂ ಕೇಳಿದರು."

ಅದರ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದೇನೆ. ನಾನು ಕಾರಣವಿಲ್ಲದೆ ಪುಟ ಖಾಲಿ ಬಿಡುವವಳಲ್ಲ. ಆ ವರ್ಷ ನಮ್ಮ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಕೂತ ಹುಡುಗಿಯರಲ್ಲಿ ಮೊದಲ ದರ್ಜೆ ಬಂದದ್ದು ನನಗೆ; ಉತ್ತರ ಗೊತ್ತಿಲ್ಲದೆ ಬರೆಯುವ ಚಾಳಿ ನನಗಿರಲಿಲ್ಲ. ಈಗ ಗೊತ್ತು, ಬರೆಯುತ್ತೇನೆ. ಅದು ಊರು. ನಾನು ನಮ್ಮ ಮನೆಯ ಹಿರಿಯ ಮಗಳಾದ್ದರಿಂದ ಈ ಕಥೆಯ ಅಕ್ಕನ ಪಕ್ಕದಲ್ಲಿ ನಿಂತು ಬರೆಯುತ್ತಿದ್ದೇನೆ. ತಂಗಿಯಾದವಳು ಬರೆದಿದ್ದರೆ ಕಥೆ ಬೇರೆಯಾಗುತ್ತಿತ್ತು.

ಆ ಊರು ನೀರಿನಲ್ಲಿತ್ತು. ನೆಲವನ್ನು ಅಲ್ಲಿ ಯಾರೂ ಕಂಡವರಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಹರಿಗೋಲು, ಬುಟ್ಟಿಯ ಹಾಗೆ ದುಂಡಗೆ. ಅದೇ ಮನೆ, ಅದೇ ಅಂಗಳ. ಬೆಳಕೇ ಊಟ. ಬಿಸಿಲು ಬಿದ್ದಾಗ ಬೊಗಸೆ ಒಡ್ಡುತ್ತಿದ್ದರು, ತುಂಬಿದಾಗ ಕುಡಿಯುತ್ತಿದ್ದರು. ಕುಡಿದು ಕುಡಿದು ಎಲ್ಲರ ಮೈಯೂ ಎಳೆಯ ಎಲೆಯ ಬಣ್ಣಕ್ಕೆ ತಿರುಗಿತ್ತು.

ಆ ಊರಿಗೆ ಒಂದು ಕಟ್ಟಳೆಯಿತ್ತು: ಒಬ್ಬರಿಗೆ ಒಂದೇ ಕೋಲು.

ಕೋಲನ್ನು ನೀರಿಗೆ ಇಳಿಸಿದರೆ ಅದು ಹರಿಗೋಲನ್ನು ನಡೆಸುವ ಕೋಲು. ಮೇಲಕ್ಕೆತ್ತಿ ಅಂಚಿನಿಂದ ಅಂಚಿಗೆ ಅಡ್ಡ ಹಾಕಿದರೆ ಅದೇ ತೊಟ್ಟಿಲು ಕಟ್ಟುವ ಕೋಲು. ಎರಡೂ ಒಟ್ಟಿಗೆ ಆಗದು. ಕೋಲು ನೀರಿನಲ್ಲಿದ್ದರೆ ತೊಟ್ಟಿಲಿಲ್ಲ. ತೊಟ್ಟಿಲು ಕಟ್ಟಿದರೆ ಕೋಲು ನೀರಿನಲ್ಲಿಲ್ಲ. ಕೋಲು ನೀರಿನಲ್ಲಿಲ್ಲದ ಹರಿಗೋಲು ಇಳಿಯುತ್ತದೆ, ಮೆಲ್ಲಗೆ ಇಳಿಯುತ್ತದೆ, ಬೆಳಕಿನಿಂದ ಕತ್ತಲೆಗೆ ಇಳಿಯುತ್ತದೆ. ಇನ್ನೊಂದು ಕೋಲು ಮಾಡಿಕೊಳ್ಳೋಣವೆಂದರೆ ಅಲ್ಲಿ ಮರವಿರಲಿಲ್ಲ. ಕೈಗೆ ಬೆರಳು ಬಂದ ಹಾಗೆ ಕೋಲು ಬರುತ್ತಿತ್ತು. ಬಂದದ್ದು ಒಂದೇ.

ತೊಟ್ಟಿಲ ಆಸೆ ಎಲ್ಲರಿಗೂ ಇತ್ತು. ಆಸೆ ತಡೆಯದವಳು ಕೋಲೆತ್ತಿ ಅಡ್ಡ ಹಾಕುವಳು, ತೊಟ್ಟಿಲು ಕಟ್ಟುವಳು, ತೂಗುವಳು. ಹರಿಗೋಲು ಇಳಿಯುತ್ತಿದ್ದ ಹಾಗೆಯೇ ತೂಗುವಳು. ತೂಗುತ್ತಾ ತೂಗುತ್ತಾ ತಾನೇ ತೊಟ್ಟಿಲೊಳಗೆ ಇಳಿದು, ಇಬ್ಬರಾಗಿ ಏಳುವಳು. ಹರಿಗೋಲೂ ಎರಡಾಗುವುದು, ಕೋಲೂ ಎರಡಾಗುವುದು. ಯಾರು ತಾಯಿ, ಯಾರು ಮಗಳು ಎಂದು ಕೇಳುವಂತಿರಲಿಲ್ಲ. ಮೊದಲು ಕಣ್ಣು ಬಿಟ್ಟವಳು ಅಕ್ಕ, ಆಮೇಲೆ ಬಿಟ್ಟವಳು ತಂಗಿ. ಇಬ್ಬರೂ ಅವಸರವಾಗಿ ಕೋಲು ಹಾಕಿ ಬೆಳಕಿಗೆ ಏರಬೇಕು. ಏರಿದ ಮೇಲೆ ಒಬ್ಬರ ಹರಿಗೋಲನ್ನು ಇನ್ನೊಬ್ಬರು ಕಾಲಿನಿಂದ ತಳ್ಳಬೇಕು. ತಳ್ಳುವಾಗ ಹೇಳಬೇಕಾದ ಮಾತೊಂದಿತ್ತು: "ನಿನ್ನ ನೀರು ನಿನಗೆ, ನನ್ನ ನೀರು ನನಗೆ." ಅಷ್ಟು ಹೇಳಿ ಬೇರೆಯಾದರೆ ಮತ್ತೆ ಮುಖ ನೋಡುವಂತಿಲ್ಲ.

ಒಂದು ಮಾತನ್ನು ಇಲ್ಲಿಯೇ ಬರೆದಿಡಬೇಕು. ಆ ಊರಿನಲ್ಲಿ ಮುದುಕಿಯರಿರಲಿಲ್ಲ. ಮುಪ್ಪು ಬರುವ ಮೊದಲೇ ಎಲ್ಲರೂ ಇಬ್ಬರಾಗಿಬಿಡುತ್ತಿದ್ದರು. ಹೆಣವೆಂಬ ಮಾತೂ ಇರಲಿಲ್ಲ, ಅಳುವ ಹಾಡೂ ಇರಲಿಲ್ಲ.

ಹಾಗೆಂದು ಭಯವಿರಲಿಲ್ಲವೆಂದಲ್ಲ. ಬಾಯಿ ಇತ್ತು. ಅದಕ್ಕೆ ಮೈಯಿತ್ತೋ ಇಲ್ಲವೋ, ಕಂಡವರು ಹೇಳಲು ಉಳಿದಿರಲಿಲ್ಲ. ನೀರು ಇದ್ದಕ್ಕಿದ್ದಂತೆ ಬೆಚ್ಚಗಾಗುತ್ತಿತ್ತು, ಸೆಳೆತ ತಿರುಗುತ್ತಿತ್ತು, ಬಾಯಿ ಬರುತ್ತಿತ್ತು. ತನಗಿಂತ ಚಿಕ್ಕದಾದದ್ದನ್ನೆಲ್ಲ ನುಂಗುತ್ತಿತ್ತು. ಹರಿಗೋಲುಗಳೆಲ್ಲ ಅದಕ್ಕಿಂತ ಚಿಕ್ಕವು.

ಒಂದು ತೊಟ್ಟಿಲಿನಿಂದ ಒಬ್ಬ ಅಕ್ಕ, ಒಬ್ಬ ತಂಗಿ ಎದ್ದರು. ಬೆಳಕಿಗೆ ಏರಿದರು. ಏರುತ್ತಿದ್ದ ಹಾಗೆಯೇ ನೀರು ಬೆಚ್ಚಗಾಯಿತು.

"ತಳ್ಳೇ ಬೇಗ," ಎಂದಳು ಅಕ್ಕ.

"ನೀನೇ ತಳ್ಳು. ದೊಡ್ಡವಳು ನೀನು."

"ಒಂದು ಉಸಿರು ಮುಂಚೆ ಕಣ್ಣು ಬಿಟ್ಟಿದ್ದಕ್ಕೆ ದೊಡ್ಡವಳಾ?"

"ಕಣ್ಣು ಬಿಟ್ಟಾಗಿಂದ ನನ್ನ ಬೈತಾನೇ ಇದೀಯಲ್ಲ. ದೊಡ್ಡವಳೇ."

ಇಬ್ಬರೂ ಕಾಲೆತ್ತಿದರು. ಇಬ್ಬರ ಕಾಲೂ ನಡುಗುತ್ತಿತ್ತು. ನಡುಗುವ ಕಾಲಿನಿಂದ ತಳ್ಳಲಾಗದೆ ಒಬ್ಬಳ ಅಂಚನ್ನು ಇನ್ನೊಬ್ಬಳು ಅಪ್ಪಿ ಹಿಡಿದಳು. ಬಾಯಿ ಬಂತು, ಅಗಲವಾಯಿತು. ಒಂದು ಹರಿಗೋಲನ್ನು ಒಳಗೆಳೆಯಿತು. ಇನ್ನೊಂದು ತುಟಿಗೆ ಅಡ್ಡ ನಿಂತಿತು. ಬಾಯಿ ಆಚೆಯಿಂದ ಪ್ರಯತ್ನಿಸಿತು, ಈಚೆಯಿಂದ ಪ್ರಯತ್ನಿಸಿತು. ಕೊನೆಗೆ ಉಗುಳಿ ಹೋಯಿತು.

"ಹೋಯ್ತಾ?"

"ಹೋಯ್ತು."

"ಈಗ ತಳ್ಳಲಾ ಅಕ್ಕ?"

"ನಾಳೆ ತಳ್ಳೋಣ ಬಿಡು."

ಆ ನಾಳೆ ಇಂದಿಗೂ ಬಂದಿಲ್ಲ. ಊರಿನ ಲೆಕ್ಕದಲ್ಲಿ ಅದು ತಪ್ಪು; ಕಟ್ಟಳೆಯ ಮಾತನ್ನು ಹೇಳಲಿಲ್ಲ, ಕಾಲಿನಿಂದ ತಳ್ಳಲಿಲ್ಲ. ಆದರೆ ನುಂಗಿಹೋಗಲಿಲ್ಲ.

ಅಕ್ಕ ಕೋಲು ಹಾಕುವಾಗ ತಂಗಿ ತೊಟ್ಟಿಲು ಕಟ್ಟಿದಳು. ತಂಗಿ ಕೋಲು ಹಾಕುವಾಗ ಅಕ್ಕ ಕಟ್ಟಿದಳು. ಹಾಗೆ ಮಾಡಿದಾಗ ಯಾರೂ ಪೂರ್ತಿ ಇಳಿಯಲಿಲ್ಲ. ಅಕ್ಕ ಕಟ್ಟಿದ ತೊಟ್ಟಿಲಿನಿಂದ ಎದ್ದು ಮೊದಲು ಕಣ್ಣು ಬಿಟ್ಟವಳು ಅಕ್ಕನೇ ಆಗಿರುತ್ತಿದ್ದಳು, ತಂಗಿ ಕಟ್ಟಿದ್ದರಿಂದ ಎದ್ದವಳು ತಂಗಿಯೇ ಆಗಿರುತ್ತಿದ್ದಳು. ಜೊತೆಗೆ ಎದ್ದವರು ಅವರ ಕಿರಿಯರು. ಅವರೂ ತಳ್ಳಲಿಲ್ಲ. ಹರಿಗೋಲಿಗೆ ಹರಿಗೋಲು ನಾರಿನ ಹಗ್ಗದಲ್ಲಿ ಬಿಗಿದರು. ಸಾಲು ಬಳೆಯಾಯಿತು, ಬಳೆ ಉಂಡೆಯಾಯಿತು. ಒಮ್ಮೆ ಎಲ್ಲಿಂದಲೋ ತೇಲಿ ಬಂದ ಹೊರಗಿನವಳೊಬ್ಬಳು ತಾನಾಗಿ ಹಗ್ಗ ಕಟ್ಟಿಕೊಂಡು, ಎಲ್ಲರ ಬೆಳಕು ಕುಡಿಯುತ್ತಾ, ಕೋಲನ್ನು ಮಾತ್ರ ಒದ್ದೆ ಮಾಡದೆ ಕೂತಳು. ಅವಳನ್ನು ಬಿಚ್ಚಿ ಬಿಟ್ಟ ಮೇಲೆ ಕಿರಿಯರಲ್ಲಿ ಒಬ್ಬಳಿಗೆ ಗಂಟು ಕಾಯುವ ಕೆಲಸ ಕೊಟ್ಟರು. ಅವಳನ್ನು ಗಂಟಿನವಳು ಎಂದು ಕರೆದರು. ಅವಳು ಹಗ್ಗದ ಮೇಲೆ ಸುತ್ತು ಹಾಕುತ್ತಾ ಪ್ರತಿ ಗಂಟನ್ನೂ ಮುಟ್ಟುವಳು, ಪ್ರತಿ ಕೋಲಿನ ಸದ್ದಿಗೂ ಕಿವಿಗೊಡುವಳು.

ಕೋಲು ಹಾಕುವುದರಲ್ಲಿ ಒಬ್ಬೊಬ್ಬಳದು ಒಂದೊಂದು ರೀತಿ. ಒಬ್ಬಳು ಮುಂದಕ್ಕೆ ಬಾಗುವಳು. ಒಬ್ಬಳು ಮೂಗಿನಲ್ಲಿ ರಾಗ ಎಳೆಯುವಳು. ಅಕ್ಕನದು ಎಲ್ಲರಿಗಿಂತ ಚೆಂದ: ಎಳೆದು ಮುಗಿಸುವಾಗ ಮಣಿಕಟ್ಟನ್ನು ಒಂದಿಷ್ಟು ಒಳಕ್ಕೆ ತಿರುವುವಳು, ನೀರಿನಲ್ಲಿ ಬಟ್ಟಲಿನಷ್ಟು ಸುಳಿಯೊಂದು ಎದ್ದು ಆರುವುದು. ಉಂಡೆ ತಿರುಗುತ್ತಿದ್ದದ್ದೇ ಆ ತಿರುವಿನಿಂದ ಎಂದು ಅಕ್ಕ ಹೇಳಿಕೊಳ್ಳುತ್ತಿದ್ದಳು. ಅದು ಸುಳ್ಳೂ ಅಲ್ಲ. ತಂಗಿಯದು ಮಾತ್ರ ಬರಿಯ ಪಚಪಚ.

ಉಂಡೆ ದೊಡ್ಡದಾದ ಹಾಗೆ ತೊಂದರೆಯೂ ದೊಡ್ಡದಾಯಿತು. ಅಂಚಿನಲ್ಲಿ ಯಾರಾದರೂ ಕೋಲೆತ್ತಿ ತೊಟ್ಟಿಲು ಕಟ್ಟಿದರೆ ಉಂಡೆ ಆ ಕಡೆಗೆ ವಾಲುತ್ತಿತ್ತು, ತಿರುಗುವ ಬದಲು ಕುಂಟುತ್ತಿತ್ತು. ಗಂಟಿನವಳು ಎಲ್ಲರನ್ನೂ ಕರೆದಳು.

"ಅಂಚಲ್ಲಿ ಕೋಲು ನಿಂತರೆ ವಾಲುತ್ತೆ. ನಡುವಲ್ಲಿ ನಿಂತರೆ ವಾಲಲ್ಲ. ತೊಟ್ಟಿಲು ನಡುವಿಗೆ, ಕೋಲು ಅಂಚಿಗೆ. ನಡುವಿಗೆ ಯಾರು ಹೋಗ್ತೀರ?"

ಯಾರೂ ಏಳಲಿಲ್ಲ. ನಡುವೆಂದರೆ ಬಿಸಿಲು ಬೀಳದ ಜಾಗ.

ಅಕ್ಕ ನಕ್ಕಳು. "ಇವಳನ್ನೇ ಕಳಿಸಿ. ಇವಳು ಕೋಲು ಹಾಕೋದು ನೀರಿಗೆ ಗೊತ್ತೇ ಆಗಲ್ಲ."

ಎಲ್ಲರೂ ನಕ್ಕರು. ತಂಗಿ ನಗಲಿಲ್ಲ. "ನನಗೆ ಊಟ?"

"ನಾವು ಕೊಡ್ತೀವಿ ಕಣೇ. ಬೊಗಸೆಯಿಂದ ಬೊಗಸೆಗೆ ದಾಟಿಸ್ತೀವಿ."

"ಆಮೇಲೆ ತೊಟ್ಟಿಲು ಕೇಳಬಾರದು ನೀನು."

"ಯಾಕೆ ಕೇಳಬಾರದು? ಕೇಳೇ ಕೇಳ್ತೀನಿ. ಈ ಸರ್ತಿ ನೀನು, ಮುಂದಿನ ಸರ್ತಿ ನಾನು. ಎಲ್ಲರ ಮುಂದೆ ಹೇಳು."

"ಈ ಸರ್ತಿ ನಾನು, ಮುಂದಿನ ಸರ್ತಿ ನೀನು," ಎಂದು ತಂಗಿ ಎಲ್ಲರ ಮುಂದೆ ಹೇಳಿದಳು. ಅವಳ ಹರಿಗೋಲನ್ನು ಹಗ್ಗದ ಮೇಲೆ ಜಾರಿಸಿ ನಡುವಿಗೆ ಬಿಟ್ಟರು. ಅಂಚಿನವರೆಲ್ಲ ಹೊರಗೆ ಮುಖ ಮಾಡಿ ಕೂತರು. ತಂಗಿ ಕೋಲನ್ನು ಅಡ್ಡ ಹಾಕಿದಳು.

ಆ ದಿನದಿಂದ ಉಂಡೆ ಕುಂಟಲಿಲ್ಲ. ಬಿಸಿಲು ಏರಿದಾಗ ಅಂಚಿನವರು ಬೊಗಸೆ ತುಂಬಿಕೊಂಡು "ನಡುವಿಗೆ" ಎನ್ನುವರು, ಹಿಂದಿನವಳ ಬೊಗಸೆಗೆ ಸುರಿಯುವರು. ಅವಳೂ "ನಡುವಿಗೆ" ಎನ್ನುವಳು. ಬೊಗಸೆಯಿಂದ ಬೊಗಸೆಗೆ, ನಡುವಿಗೆ, ನಡುವಿಗೆ ಎಂದು ಬೆಳಕು ಹೋಗುತ್ತಿತ್ತು. ನಡುವಿನಿಂದ ಒಂದೇ ಒಂದು ವಸ್ತು ಬರುತ್ತಿತ್ತು: ತೊಟ್ಟಿಲ ಹಗ್ಗ ಕಿರ್ರೆನ್ನುವ ಸದ್ದು.

ಹೊಟ್ಟೆಕಿಚ್ಚು ಆ ಊರಿಗೆ ಹಗ್ಗದ ಜೊತೆಗೇ ಬಂತು. ದೂರದೂರ ತೇಲುತ್ತಿದ್ದಾಗ ಯಾರ ಮನೆಯಲ್ಲಿ ಏನಿದೆಯೆಂದು ಯಾರಿಗೆ ಗೊತ್ತು? ಗೋಡೆಗೆ ಗೋಡೆ ತಾಗಿದ ಮೇಲೆ ತಾನೇ ಕಿವಿ ಚುರುಕಾಗುವುದು. ಅಕ್ಕನಿಗೆ ಅದು ಮೊದಲು ಕಿವಿಗೆ ಬಂತು. ಕಿರ್ರ್ ಎಂದಾಗಲೆಲ್ಲ ಬೆನ್ನು ಸೆಟೆಯುತ್ತಿತ್ತು. ಆಮೇಲೆ ಕೈಗೆ ಬಂತು. ನೀರನ್ನು ಎಳೆಯುವ ಬದಲು ಹೊಡೆಯತೊಡಗಿದಳು. ಆಮೇಲೆ ಬೊಗಸೆಗೆ ಬಂತು. "ನಡುವಿಗೆ" ಎನ್ನುವ ಮೊದಲು ತಾನೊಂದು ಗುಟುಕು ಹೆಚ್ಚು ಕುಡಿಯತೊಡಗಿದಳು.

"ಅಕ್ಕ, ಇವತ್ತು ನಿನ್ನ ಕಡೆ ಬೆಳಕು ತೆಳ್ಳಗಿದೆ," ಎಂದು ನಡುವಿನಿಂದ ತಂಗಿ ಕೂಗುವಳು.

"ಮೋಡ."

"ಮೋಡ ನಿನ್ನೊಬ್ಬಳ ತಲೆ ಮೇಲೇನಾ?"

"ಕೂತಲ್ಲಿಗೆ ಬರೋವಾಗ ಇಷ್ಟು ಮಾತು ಬೇರೆ ಕೇಡು ನಿನಗೆ. ಮೈ ನೋಡ್ಕೋ, ಉಬ್ಬಿದೀಯ."

"ನೀನು ಹೇಗೆ ನೋಡಿದೆ? ಬೆನ್ನು ತಿರುಗಿಸಿ ಕೂತಿದೀಯಲ್ಲ."

"ಹಗ್ಗ ಭಾರ ಆಗಿದೆ. ಗೊತ್ತಾಗುತ್ತೆ."

ಸ್ವಲ್ಪ ಹೊತ್ತು ಕಿರ್ರ್, ಕಿರ್ರ್. ಆಮೇಲೆ ತಂಗಿ ಕೇಳುವಳು: "ಸೂರ್ಯ ಹೇಗಿದ್ದಾನೆ ಅಕ್ಕ?"

"ಹೇಗಿರ್ತಾನೆ? ದುಂಡಗೆ."

"ನನಗೆ ಇಲ್ಲಿಂದ ಕಾಣೋದು ಬರೀ ಬೆನ್ನು. ಯಾವ ಕಡೆ ನೋಡಿದ್ರೂ ನಿಮ್ಮ ಬೆನ್ನು."

"ಅದಕ್ಕೂ ಹೊಟ್ಟೆ ಉರೀತಾ ನಿನಗೆ?"

"ಉರಿಯುತ್ತೆ. ನಿಮ್ಮ ಮುಂದೆ ಇಡೀ ನೀರಿದೆ."

ತೊಟ್ಟಿಲಿದ್ದವಳಿಗೂ ಹೊಟ್ಟೆಕಿಚ್ಚಿಗೆ ಪುರಸತ್ತು ಸಿಗುವುದೇ ಎಂದು ಅಕ್ಕನಿಗೆ ಇನ್ನಷ್ಟು ಉರಿಯಿತು.

ತಂಗಿಯ ತೊಟ್ಟಿಲಿನಿಂದ ಮೊದಲ ಸಲ ಎದ್ದವರು ಅಂಚಿಗೆ ಬಂದು ಕೋಲು ಹಿಡಿದರು. ಸದ್ದು ನಿಂತಿತು. ಅಕ್ಕ ಅಂದು ಎಲ್ಲರಿಗಿಂತ ಮೊದಲು ಎದ್ದು ಮೈ ತೊಳೆದುಕೊಂಡಳು.

"ಮುಂದಿನ ಸರ್ತಿ ಬಂತು," ಎಂದಳು. "ಏಳೇ, ನಾನು ನಡುವಿಗೆ ಬರ್ತೀನಿ."

"ಬಾ," ಎಂದಳು ತಂಗಿ. "ನಾನು ಬೇಡ ಅಂದ್ನಾ? ಕೋಲು ಬಿಟ್ಟು ಬಾ, ನನ್ನ ಕೋಲಲ್ಲಿ ಕಟ್ಟಿರೋ ತೊಟ್ಟಿಲೇ ಇದೆ."

ಅಕ್ಕ ಕೋಲು ಬಿಡಲು ನೋಡಿದಳು. ಬೆರಳು ಬಿಡಲಿಲ್ಲ. ಇನ್ನೊಂದು ಕೈಯಿಂದ ಬಿಡಿಸಲು ನೋಡಿದಳು. ಅಷ್ಟು ಕಾಲ ಹಿಡಿದ ಕೋಲಿನ ಸುತ್ತ ಅಂಗೈಯ ತೊಗಲು ಬೆಳೆದು ಮುಚ್ಚಿಕೊಂಡಿತ್ತು. ಕೈ ಎಲ್ಲಿ ಮುಗಿದು ಕೋಲು ಎಲ್ಲಿ ಶುರುವಾಗುತ್ತದೆಂದು ಅವಳಿಗೇ ತಿಳಿಯಲಿಲ್ಲ. ನಡುವಿನಲ್ಲಿ ತಂಗಿ ತನ್ನ ಕೋಲನ್ನು ಎತ್ತಲು ನೋಡಿದಳು. ಅದು ಅಡ್ಡ ಹಾಕಿದಲ್ಲೇ ಎರಡೂ ಅಂಚಿಗೆ ಕಚ್ಚಿಕೊಂಡಿತ್ತು. ಅವಳೂ ಎದ್ದು ನಿಲ್ಲಲಾರಳು. ಕಾಲು ತೊಟ್ಟಿಲ ಹಗ್ಗದೊಡನೆ ಹೆಣೆದುಹೋಗಿತ್ತು.

"ನೀನು ಬೇಕಂತಲೇ ಮಾಡಿದೀಯ," ಎಂದಳು ಅಕ್ಕ.

"ನಾನಾ? ನಿನ್ನ ಕೈ ನಾನು ಹಿಡಿದಿದ್ನಾ?"

"ಎಲ್ಲರ ಮುಂದೆ ಮಾತು ಕೊಟ್ಟಿದ್ದೆ."

"ಈಗಲೂ ಕೊಡ್ತೀನಿ ಅಕ್ಕ. ಬಾ."

ಬರಲಾಗದವಳಿಗೆ ಬಾ ಎಂದು ಕರೆಯುವುದಕ್ಕಿಂತ ದೊಡ್ಡ ಬೈಗುಳ ಇಲ್ಲ. ನಡುವಿನಲ್ಲಿ ಮತ್ತೆ ಕಿರ್ರ್ ಸದ್ದು ಶುರುವಾಯಿತು. ಅಕ್ಕ ಅದನ್ನು ಕೇಳಿದಳು, ಕೇಳಿದಳು, ನಡು ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದಾಗ ಕೋಲನ್ನು ಕೈಯ ಸಮೇತ ನೀರಿನಿಂದ ಎತ್ತಿದಳು. ತನ್ನ ಹರಿಗೋಲಿಗೆ ಅಡ್ಡ ಹಾಕಿದಳು. ಬಗ್ಗಿ ಕೂತು, ಇದ್ದೊಂದು ಕೈಯಿಂದ ಅಂಚಿನಲ್ಲಿಯೇ ತೊಟ್ಟಿಲು ಕಟ್ಟಿದಳು. ಬೊಗಸೆಗೆ ಬಂದ ಬೆಳಕನ್ನು "ನಡುವಿಗೆ" ಎನ್ನದೆ ತಾನೇ ಕುಡಿದಳು. ಒಂದೇ ಕೈಯಿಂದ ತೂಗಿದಳು.

ಪಕ್ಕದಲ್ಲಿ ಬಾಗಿ ಕೋಲು ಹಾಕುವವಳು ಓರೆಗಣ್ಣಿನಿಂದ ನೋಡಿದಳು. "ಅಕ್ಕನಿಗೆ ಆಗೋದಾದ್ರೆ ನನಗೇನು ಬಂದಿದೆ ರೋಗ?" ಎಂದು ಅವಳೂ ಎತ್ತಿದಳು. ಅವಳನ್ನು ನೋಡಿ ರಾಗ ಎಳೆಯುವವಳು ಎತ್ತಿದಳು. ರಾಗ ನಿಂತಿತು. ಆ ಬದಿಯ ಅಂಚಿನಲ್ಲಿ ನೀರು ಮೌನವಾಯಿತು.

ಉಂಡೆ ವಾಲಿತು. ಬೆಳಕು ಪಕ್ಕಕ್ಕೆ ಜಾರಿತು. ನೀರು ಬೆಚ್ಚಗಾಯಿತು.

ಗಂಟಿನವಳು ಹಗ್ಗದ ಮೇಲೆ ಓಡಿ ಬಂದಳು. "ಕೋಲು ಇಳಿಸು ಅಕ್ಕ. ಇಲ್ಲಾಂದ್ರೆ ತಳದ ಬಿರಡೆ ಕೀಳು." ಪ್ರತಿ ಹರಿಗೋಲಿನ ತಳದಲ್ಲೂ ಒಂದು ಬಿರಡೆಯಿತ್ತು. ಉಂಡೆಗೆ ಕೆಡುಕಾದವಳು ಅದನ್ನು ತಾನೇ ಕಿತ್ತು ತಾನೊಬ್ಬಳೇ ಇಳಿದುಹೋಗಬೇಕೆಂಬುದು ಹಗ್ಗ ಕಟ್ಟಿದಾಗ ಎಲ್ಲರೂ ಒಪ್ಪಿದ ಮಾತು.

"ನಾನು ಕೀಳಲ್ಲ," ಎಂದಳು ಅಕ್ಕ. "ಇದು ನನ್ನ ಸರದಿ."

"ಬಾಯಿ ಬರ್ತಿದೆ."

"ಬರಲಿ. ಇಡೀ ಉಂಡೆ ತಿರುಗಿದ್ದು ನನ್ನ ಕೈಯಿಂದ. ಒಂದು ತೊಟ್ಟಿಲು ನನಗೆ ಹೆಚ್ಚಾಯ್ತಾ?"

ಗಂಟಿನವಳಿಗೂ ತೊಟ್ಟಿಲಿರಲಿಲ್ಲ. "ನಿನ್ನ ತೊಟ್ಟಿಲು ನೋಡಿದೀಯ ಅಕ್ಕ?" ಎಂದಷ್ಟೇ ಕೇಳಿದಳು.

ಅಕ್ಕ ಬಗ್ಗಿ ನೋಡಿದಳು. ತೊಟ್ಟಿಲು ತುಂಬಿತ್ತು, ತುಂಬಿ ಉಕ್ಕುತ್ತಿತ್ತು. ಆದರೆ ಎದ್ದವರಿಗೆ ಕೋಲಿರಲಿಲ್ಲ. ಕೈಯಿರಲಿಲ್ಲ. ಕಣ್ಣು, ಮೂಗು ಇರಬೇಕಾದಲ್ಲಿ ನುಣ್ಣಗಿತ್ತು. ಬಾಯಿ ಮಾತ್ರ ಇತ್ತು. ಒಂದರ ಮೇಲೊಂದು ಏರಿ, ತೆರೆದುಕೊಂಡು, ಬೆಳಕು ಬೆಳಕು ಎನ್ನುತ್ತಿದ್ದವು.

"ಅಕ್ಕಾ," ಎಂದು ನಡುವಿನಿಂದ ತಂಗಿ ಕೂಗಿದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ. "ಒಂದ್ಸಲ ಈ ಕಡೆ ತಿರುಗು. ನನ್ನ ತೊಟ್ಟಿಲು ನೋಡು. ಆಮೇಲೆ ಏನು ಬೇಕಾದ್ರೂ ಮಾಡ್ಕೋ."

ಅಂಚಿಗೆ ಬಂದ ದಿನದಿಂದ ಅಕ್ಕ ಒಳಗೆ ಮುಖ ತಿರುಗಿಸಿರಲಿಲ್ಲ. ಈಗ ತಿರುಗಿದಳು. ತಂಗಿಯ ತೊಟ್ಟಿಲಿನಲ್ಲಿ ಈ ಸಲ ಒಬ್ಬೊಬ್ಬರು ಇರಲಿಲ್ಲ. ಪುಟ್ಟ ಪುಟ್ಟ ಉಂಡೆಗಳಿದ್ದವು, ಒಂದೊಂದೂ ಪೂರ್ತಿ ಊರು. ಒಂದೊಂದಕ್ಕೂ ಒಂದು ನಡುವು, ಒಂದೊಂದಕ್ಕೂ ಒಂದು ಅಂಚು. ಅಂಚಿನಲ್ಲಿ ಸಾಸಿವೆ ಗಾತ್ರದವರು ಕೂದಲಿನಂಥ ಕೋಲು ಹಿಡಿದು, ಇನ್ನೂ ಇಲ್ಲದ ನೀರನ್ನು ಎಳೆಯುತ್ತಿದ್ದರು. ಒಬ್ಬಳು ಬಾಗುತ್ತಿದ್ದಳು. ಒಬ್ಬಳು ಮೂಗಿನಲ್ಲಿ ಏನನ್ನೋ ಎಳೆಯುತ್ತಿದ್ದಳು. ಪ್ರತಿ ಉಂಡೆಯಲ್ಲೂ ಒಬ್ಬಳು ಎಳೆದು ಮುಗಿಸುವಾಗ ಮಣಿಕಟ್ಟನ್ನು ಒಂದಿಷ್ಟು ಒಳಕ್ಕೆ ತಿರುವುತ್ತಿದ್ದಳು.

"ನಾನು ಕಲಿಸಿಲ್ಲ," ಎಂದಳು ತಂಗಿ. "ನನಗೆಲ್ಲಿ ಬರುತ್ತೆ ಅದು? ನನ್ನದು ಪಚಪಚ. ಒಂದೇ ತೊಟ್ಟಿಲಿನವರಲ್ವಾ ನಾವು. ನಿನ್ನದೂ ನನ್ನೊಳಗೇ ಇತ್ತು ಅಂತ ಕಾಣುತ್ತೆ."

ಅಕ್ಕ ಬಹಳ ಹೊತ್ತು ನೋಡಿದಳು. ಬಾಯಿ ಉಂಡೆಯ ವಾಲಿದ ಬದಿಗೆ ತುಟಿ ಹಚ್ಚಿತ್ತು.

ಇಲ್ಲಿ ಅಕ್ಕನಿಗೆ ಸಮಾಧಾನವಾಯಿತೆಂದು ಬರೆದರೆ ಓದುವವರಿಗೆ ಹಿತವಾಗಬಹುದು. ಆಗಲಿಲ್ಲ. ತನ್ನ ತಿರುವು ತಂಗಿಯ ತೊಟ್ಟಿಲಿನಲ್ಲಿ ಮಲಗಿರುವುದನ್ನು ಕಂಡು ಅವಳ ಹೊಟ್ಟೆಯಲ್ಲಿ ಮೊದಲಿಗಿಂತ ಹೆಚ್ಚು ಉರಿ ಎದ್ದಿತು. ನನ್ನದನ್ನೂ ಇವಳೇ ಹೆರುತ್ತಾಳಲ್ಲ, ಎಂದುಕೊಂಡಳು. ಉರಿ ಹಾಗೇ ಇತ್ತು. ಕೈ ಮಾತ್ರ ಬೇರೆ ಕೆಲಸ ಮಾಡಿತು.

"ಬಿಚ್ಚು," ಎಂದಳು ಗಂಟಿನವಳಿಗೆ.

"ನಿನ್ನ ಗಂಟು ನೀನೇ ಬಿಚ್ಚಬೇಕು ಅಕ್ಕ."

ಅಕ್ಕ ಇದ್ದೊಂದು ಕೈಯಿಂದ, ಹಲ್ಲು ಹಚ್ಚಿ, ತಾನು ಕಟ್ಟಿದ ತೊಟ್ಟಿಲಿನ ಗಂಟು ಬಿಚ್ಚಿದಳು. ತೊಟ್ಟಿಲು ನೀರಿಗೆ ಜಾರಿತು. ಬೆಳಕು ಬೆಳಕು ಎಂಬ ಸದ್ದು ಕೆಳಗೆ ಹೋಗುತ್ತಾ ಹೋಗುತ್ತಾ ಸಣ್ಣದಾಗಿ ನಿಂತಿತು. ಅವಳು ಕೋಲನ್ನು ನೀರಿಗಿಳಿಸಿದಳು. ಬಾಗುವವಳು ಇಳಿಸಿದಳು. ರಾಗದವಳು ಇಳಿಸಿದಳು; ರಾಗ ಮಾತ್ರ ಆಮೇಲೆ ಬಹುಕಾಲ ಬರಲಿಲ್ಲ. ಅಕ್ಕ ಎಳೆದು, ಮಣಿಕಟ್ಟು ತಿರುವಿದಳು. ಉಂಡೆ ನೆಟ್ಟಗಾಗಿ ತಿರುಗಿತು. ಬಾಯಿಯ ಹಿಡಿತ ಜಾರಿತು. ಅದು ಒಂದು ಸುತ್ತು ಬಂದು ನೋಡಿ ಹೋಯಿತು.

ಬಿಸಿಲು ಬಂದಾಗ ಅಕ್ಕ ಬೊಗಸೆ ತುಂಬಿಕೊಂಡಳು. ಹಲ್ಲು ಕಚ್ಚಿಕೊಂಡೇ "ನಡುವಿಗೆ" ಎಂದಳು. ಒಂದು ಗುಟುಕೂ ಹೆಚ್ಚು ಕುಡಿಯಲಿಲ್ಲ.

ಮರಿ ಉಂಡೆಗಳು ಬೆಳೆದವು. ಬೆಳೆದು ನಡುವನ್ನೆಲ್ಲ ತುಂಬಿ ಅಂಚಿನವರ ಬೆನ್ನಿಗೆ ಒತ್ತತೊಡಗಿದವು. ಅಂಚಿನಲ್ಲಿ ಅವು ಹೊರಗೆ ಹೋಗುವಷ್ಟು ಸಂದಿರಲಿಲ್ಲ. ಸಂದಿಯಿಲ್ಲದಂತೆ ಬಿಗಿಯುವುದಕ್ಕೇ ಗಂಟಿನವಳು ಇದ್ದದ್ದು.

"ದಾರಿ ಬಿಡಬೇಕು ಅಕ್ಕ," ಎಂದಳು ತಂಗಿ. ಅವಳ ದನಿ ಒಂದೇ ಕಡೆಯಿಂದ ಬರುತ್ತಿರಲಿಲ್ಲ. ತೂಗುತ್ತಾ ತೂಗುತ್ತಾ ಅವಳು ಆಗಲೇ ತೊಟ್ಟಿಲೊಳಗೆ ಇಳಿಯುತ್ತಿದ್ದಳು. ಹಳೆಯ ಊರಿನವರು ಇಳಿದು ಇಬ್ಬರಾಗುತ್ತಿದ್ದರು; ಇವಳು ಇಳಿದು ಊರೂರಾಗುತ್ತಿದ್ದಳು.

"ಮುಂದಿನ ಸರ್ತಿ ನಾನು ಅಂದಿದ್ದೆ," ಎಂದಳು ಅಕ್ಕ.

"ಅಂದಿದ್ದೆ."

"ಈಗ ನೀನು ಸೂರ್ಯನ್ನೂ ನೋಡ್ತೀಯ."

"ಹೊಟ್ಟೆಕಿಚ್ಚಾ?"

"ಹೂಂ."

"ನನಗೂ," ಎಂದಳು ತಂಗಿ.

"ನಿನಗಿನ್ನೇನೇ ಕಡಿಮೆ?"

"ನೀನು ಕೊನೇವರೆಗೂ ನೀನೇ ಆಗಿರ್ತೀಯ ಅಕ್ಕ. ನಾನು ಯಾರ್ಯಾರೋ ಆಗಿಬಿಡ್ತೀನಿ. ಸೂರ್ಯನ್ನ ನೋಡಿದಾಗ ನಾನು ಅಂತ ನನಗೆ ಗೊತ್ತಿರುತ್ತೋ ಇಲ್ವೋ."

ಅಕ್ಕ ಏನೋ ಹೇಳಬೇಕೆಂದು ತಿರುಗಿದಳು. ತೊಟ್ಟಿಲ ಬಳಿ ತಂಗಿ ಇರಲಿಲ್ಲ.

ಗಂಟಿನವಳು ಹಗ್ಗದ ಮೇಲೆ ಕೊನೆಯ ಸುತ್ತು ಬಂದಳು. ತಾನು ದಿನವೂ ಬಿಗಿ ನೋಡುತ್ತಿದ್ದ ಗಂಟುಗಳನ್ನು ತಾನೇ ಬಿಚ್ಚುತ್ತಾ ಬಂದಳು. ಅಂಚು ಬಾಯಿಬಿಟ್ಟಿತು. ಮರಿ ಉಂಡೆಗಳು ಒಂದರ ಹಿಂದೆ ಒಂದು ಉರುಳುತ್ತಾ ಬೆಳಕಿಗೆ ಹೋದವು. ತಳ್ಳಲಿಲ್ಲ, ತಳ್ಳಿಸಿಕೊಳ್ಳಲಿಲ್ಲ, ನಿನ್ನ ನೀರು ನಿನಗೆ ಎನ್ನಲಿಲ್ಲ. ಹಿಂತಿರುಗಿ ನೋಡಲೂ ಇಲ್ಲ. ಅವುಗಳ ಅಂಚಿನವರು ಹೊರಗೆ ಮುಖ ಮಾಡಿ ಕೂತಿದ್ದರಲ್ಲ, ನೋಡುವುದು ಹೇಗೆ?

ಉಳಿದ ಅಂಚಿನವರು ಖಾಲಿ ನಡುವಿನ ಸುತ್ತ ಕೋಲು ಹಾಕುತ್ತಾ ಕೂತರು. ಬಿಸಿಲು ಬಂದಾಗ ಬೊಗಸೆ ತುಂಬಿ "ನಡುವಿಗೆ" ಎಂದರು. ತೆಗೆದುಕೊಳ್ಳುವವರಿಲ್ಲದೆ ಬೆಳಕು ಬೆರಳ ಸಂದಿಯಿಂದ ನೀರಿಗೆ ಸೋರಿತು. ಆದರೂ ಮರುದಿನ ಮತ್ತೆ ತುಂಬಿದರು, ಮತ್ತೆ ಎಂದರು. ಬೇರೆ ಕೆಲಸ ಆ ಕೈಗಳಿಗೆ ಮರೆತುಹೋಗಿತ್ತು.

ಒಂದು ದಿನ ಅಕ್ಕನ ಕೈ ನಿಧಾನವಾಯಿತು. ಎಳೆದಳು, ತಿರುವು ಬರಲಿಲ್ಲ. ಮತ್ತೆ ಎಳೆದಳು; ಸುಳಿ ಏಳಲಿಲ್ಲ. ಬಾಯಿ ಬಂದ ಗುರುತಿರಲಿಲ್ಲ, ನೀರು ತಣ್ಣಗೇ ಇತ್ತು. ಕೋಲು ನೀರಿನಲ್ಲೇ ಇತ್ತು. ಬಿರಡೆ ಇದ್ದಲ್ಲೇ ಇತ್ತು. ಆದರೂ ಅವಳ ಹರಿಗೋಲು ಇಳಿಯುತ್ತಿತ್ತು.

"ಏನಾಗ್ತಿದೆ ಅಕ್ಕ ನಿನಗೆ?" ಎಂದಳು ಗಂಟಿನವಳು.

"ಗೊತ್ತಿಲ್ಲ ಕಣೇ. ಸಾಕು ಅನ್ನಿಸ್ತಿದೆ."

"ಇದಕ್ಕೆ ಏನಂತಾರೆ?"

"ಇದುವರೆಗೆ ಯಾರಿಗೂ ಆಗಿಲ್ಲವಲ್ಲ, ಹೆಸರೆಲ್ಲಿಂದ ತರಲಿ?" ಎಂದು ಅಕ್ಕ ತುಸು ನಕ್ಕಳು. ನಕ್ಕಾಗ ಅವಳ ಧ್ವನಿಯಲ್ಲಿ ಹಳೆಯ ಜಂಬ ಇಣುಕಿತು. ಇದರಲ್ಲಾದರೂ ತಾನು ತಂಗಿಗಿಂತ ಮೊದಲು. ಆಮೇಲೆ ಅವಳ ಕೈಯಿಂದ, ಯಾರೂ ಬಿಡಿಸಲಾಗದಿದ್ದ ಆ ಕೈಯಿಂದ, ಕೋಲು ತಾನಾಗಿ ಕಳಚಿತು.

ಕೊನೆಗೆ ತಗುಲಿದ ಬೆಲೆಯನ್ನು ಇದ್ದ ಹಾಗೆ ಬರೆಯುತ್ತೇನೆ. ಅಂಚಿನವರಿಗೆ ತೊಟ್ಟಿಲು ಹೋಯಿತು. ನಡುವಿನವಳಿಗೆ ಬಿಸಿಲು ಹೋಯಿತು, ಆಮೇಲೆ ತಾನು ತಾನೆಂಬುದೂ ಹೋಯಿತು. ಎಲ್ಲರಿಗೂ ಒಂಟಿಯಾಗಿ ಬದುಕುವ ಕಲೆ ಮರೆತುಹೋಯಿತು. ಅಕ್ಕ ಕೊನೆಯದಾಗಿ ಕಟ್ಟಿದ ತೊಟ್ಟಿಲು ತಳದ ಕತ್ತಲೆಯಲ್ಲಿದೆ. ಹಿಂದೆ ಇಲ್ಲದಿದ್ದ ಮುಪ್ಪು ಆ ಊರಿಗೆ ಬಂತು, ಮುಪ್ಪಿನ ಹಿಂದೆ ಸಾವು ಬಂತು, ಮತ್ತೆ ಹೋಗಲಿಲ್ಲ. ಬದಲಿಗೆ ಬಂದದ್ದು ಇಷ್ಟು: ಅಂದು ಹೊರಟ ಮರಿ ಉಂಡೆಗಳಲ್ಲಿ ಒಂದನ್ನೂ ಬಾಯಿ ನುಂಗಲಿಲ್ಲ. ಅಕ್ಕನ ಕೋಲು ಬಹಳ ಕಾಲ ನೀರಿನ ಮೇಲೆ ತೇಲುತ್ತಿತ್ತು. ಉಂಡೆಗಳು ಅದರ ಪಕ್ಕದಲ್ಲೇ ಉರುಳಿ ಹೋದವು. ಅಂಚಿನ ಮಕ್ಕಳು ಮಣಿಕಟ್ಟು ತಿರುವುತ್ತಾ ಅದನ್ನು ನೋಡಿದರು. ಯಾರೂ ಎತ್ತಿಕೊಳ್ಳಲಿಲ್ಲ. ಅವರವರಿಗೆ ಅವರವರ ಕೋಲಿತ್ತು.